ಕಣ್ಣಲ್ಲ ಸಾರ್, ಗಂಟಲು

“ಕಣ್ಣಿನ ಡಾಕ್ಟರಿಗೆ ತೋರಿಸಿ” ಎಂದು ಅರಸೀಕೆರೆಯ ಮಕ್ಕಳ ಡಾಕ್ಟರು ಚೀಟಿ ಬರೆಯತೊಡಗಿದರೂ ನಾನು ಕುರ್ಚಿಯಿಂದ ಏಳಲಿಲ್ಲ. ಪಕ್ಕದಲ್ಲಿ ಮಗಳು ಪಟಪಟನೆ ಕಣ್ಣು ಮಿಟುಕಿಸುತ್ತಾ ಭುಜ ಕುಣಿಸುತ್ತಿದ್ದಳು. ಇವಳಿಗೆ ಪಾಠದ ಮೇಲೆ ಗಮನವಿಲ್ಲ, ಎಲ್ಲರಿಗೂ ಕಣ್ಣು ಹೊಡೆಯುತ್ತಾಳೆ ಎಂದು ಶಾಲೆಯಲ್ಲಿ ಮೇಷ್ಟ್ರು ಬಾಗಿಲ ಹೊರಗೆ ನಿಲ್ಲಿಸಿದ್ದರು. ಜಾವಗಲ್‌ನ ಮನೆಯಲ್ಲಿ ನಮ್ಮತ್ತೆ, ಕಣ್ಣು ಬಿದ್ದಿದೆಯೆಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದರು. ಎಲ್ಲರಿಗೂ ಕಣ್ಣೇ!

“ಕಣ್ಣಲ್ಲ ಸಾರ್, ಗಂಟಲು ನೋಡಿ. ಹೋದ್ಸಲಾನೂ ಗಂಟಲು ನೋವು, ಜ್ವರ ಬಂದ್ಮೇಲೇ ಹಿಂಗಾಗಿದ್ದು. ಈಗಲೂ ಹಂಗೇ ಐತೆ. ನೋಡಿ ಔಷಧಿ ಕೊಡೋಗಂಟ ನಾನು ಏಳಲ್ಲ” ಎಂದುಬಿಟ್ಟೆ.

ಹೊರಗೆ ಕಾಯುತ್ತಿದ್ದವರು ಗೊಣಗಿದರು. ಡಾಕ್ಟರು ಪೆನ್ನು ಕೆಳಗಿಟ್ಟು, ಟಾರ್ಚ್ ಹಿಡಿದು ಮಗಳ ಬಾಯಿ ತೆಗೆಸಿದರು. ಗಂಟಲು ಕೆಂಪಗೆ ಊದಿಕೊಂಡಿತ್ತು. ಗಂಟಲಿನ ದ್ರವ ತೆಗೆದು ಪರೀಕ್ಷೆಗೆ ಕಳಿಸಿ, ಸೋಂಕು ಖಚಿತವಾದ ಮೇಲೆ ಔಷಧಿ ಬರೆದರು. ಹಾಸನದ ನರರೋಗ ತಜ್ಞರಿಗೂ ತೋರಿಸಲು ಹೇಳಿ, “ಗಂಟಲ ಸೋಂಕಾದ್ಮೇಲೆ ಕೆಲವು ಮಕ್ಕಳಿಗೆ ಕಣ್ಣು, ಭುಜ ಹೀಗೆ ತಾವಾಗೇ ಕುಣಿಯೋದುಂಟು. ಇವಳು ಬೇಕಂತ ಮಾಡ್ತಿಲ್ಲಮ್ಮ” ಎಂದರು.

ಭುಜದ ಕುಣಿತ ಇನ್ನೂ ಪೂರ್ತಿ ನಿಂತಿಲ್ಲ. ಹಾಸನಕ್ಕೆ ಓಡಾಡುತ್ತಲೇ ಇದ್ದೇವೆ. ಆದರೆ ಅಂದು ಬಸ್ಸಿನಲ್ಲಿ ಮಗಳು, “ಅಮ್ಮಾ, ಡಾಕ್ಟರು ಹೇಳಿದ್ದನ್ನ ಮೇಷ್ಟ್ರಿಗೂ ಹೇಳ್ತೀಯಾ?” ಎಂದು ಕೇಳಿದ್ದಳು. ಮರುದಿನ ಬೆಳಗ್ಗೆ ಗಂಟೆ ಹೊಡೆಯುವ ಮುಂಚೆಯೇ, ಅವಳನ್ನು ನಿಲ್ಲಿಸಿದ್ದ ಅದೇ ಬಾಗಿಲಲ್ಲಿ ನಾನು ನಿಂತಿದ್ದೆ.