ಅಕ್ಕನ ಗದ್ದಕ್ಕೆ ಬಿದ್ದ ಲೇಸರ್

ಅಕ್ಕನಿಗೆ ಗಡ್ಡ ಬರುತ್ತದೆ ಎಂಬ ವಾಕ್ಯವನ್ನು ನಮ್ಮ ಮನೆಯಲ್ಲಿ ಯಾರೂ ಪೂರ್ತಿಯಾಗಿ ಹೇಳಿದವರಲ್ಲ. ಅಮ್ಮ ಅದನ್ನು 'ಅದು' ಎನ್ನುತ್ತಿದ್ದಳು. ಅದು ಈಗ ಸ್ವಲ್ಪ ಜಾಸ್ತಿ, ಅದಕ್ಕೊಂದು ಎಂತಾದರೂ ಮಾಡಬೇಕು, ಹೀಗೆ. ಅಪ್ಪ ಅಷ್ಟನ್ನೂ ಹೇಳದೆ ಪೇಪರನ್ನು ಮುಖದೆತ್ತರಕ್ಕೆ ಹಿಡಿಯುತ್ತಿದ್ದರು. ಹೊರಗಿನವರಿಗೆ ಮಾತ್ರ ಬಾಯಿ ಇತ್ತು. ಕಾಪು ಪೇಟೆಯಲ್ಲಿ ಮೀನು ಮಾರುವ ಹೆಂಗಸೊಬ್ಬಳು ಬಂಗುಡೆ ಎಣಿಸಿ ಹಾಕುತ್ತ, "ಈ ಮಗಳಿಗೆ ಗಂಡು ಹುಡುಕುದಾ, ಹೆಣ್ಣು ಹುಡುಕುದಾ?" ಎಂದು ಕೇಳಿದ್ದಳು. ಅಕ್ಕ ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದಳು. ಅಮ್ಮ ನಕ್ಕುಬಿಟ್ಟಳು. ಮೀನಿನವಳ ತಮಾಷೆಗೆ ನಗದಿದ್ದರೆ ಮುಂದಿನ ಸಲ ಹಳೇ ಮೀನು ಬೀಳುತ್ತದೆ; ಮಗಳ ಮಾನಕ್ಕಿಂತ ತಾಜಾ ಬಂಗುಡೆ ಮುಖ್ಯ ಎಂದು ಅಮ್ಮ ಆ ಕ್ಷಣದಲ್ಲಿ ತೀರ್ಮಾನಿಸಿದ್ದಳು. ಮಧ್ಯಾಹ್ನ ಸಾರು ರುಚಿಯಾಗಿತ್ತು ಎಂಬುದನ್ನೂ ನಾನು ಒಪ್ಪಿಕೊಳ್ಳಬೇಕು.

ನಾನಾಗ ಉಡುಪಿಯಲ್ಲಿ ಬಿ.ಎ. ಓದುತ್ತಿದ್ದೆ. ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ, ಯಾವ ವಿಷಯ ಕೊಟ್ಟರೂ ಎದುರಿನವರ ಮಾತಿನಲ್ಲಿ ಸಡಿಲ ಕಲ್ಲು ಎಲ್ಲಿದೆ ಎಂದು ನೋಡುವ ಚಟ. ಇದರಿಂದ ಕಪಾಟಿನಲ್ಲಿ ಬಹುಮಾನದ ಕಪ್ಪುಗಳು ತುಂಬಿದವು, ಮನೆಯಲ್ಲಿ ಒಂದೂ ಗೆಲುವು ಸಿಗಲಿಲ್ಲ. ಮನೆಯಲ್ಲಿ ಗಂಟೆ ಬಾರಿಸುವವರಿಲ್ಲ, ತೀರ್ಪುಗಾರರಿಲ್ಲ. ಮೊದಲು ಅತ್ತವರು ಗೆಲ್ಲುತ್ತಾರೆ.

ಅಕ್ಕ ಕಾಪುವಿನ ಒಂದು ಸಹಕಾರಿ ಸಂಘದಲ್ಲಿ ಚಿನ್ನದ ಸಾಲದ ಕೌಂಟರಿನಲ್ಲಿ ಕೂರುತ್ತಿದ್ದಳು. ಉಡುಪಿಯ ಒಂದು ಮದುವೆ ಹಾಲಿನಲ್ಲಿ ಅವಳನ್ನು ಕಾರ್ಕಳದ ಕಡೆಯ ಒಬ್ಬ ಹುಡುಗ ನೋಡಿದ್ದ. ಮಸ್ಕತ್ತಿನಲ್ಲಿ ಕೆಲಸ. ಅಕ್ಕನ ಮುಖದ ಮೇಲೆ ಅಂದು ಒಂದು ಡಬ್ಬಿ ಪೌಡರ್ ಇತ್ತು, ಹಾಲಿನಲ್ಲಿ ಹಳದಿ ಬೆಳಕಿತ್ತು. ಆಮೇಲೆ ಶುಕ್ರವಾರಗಳಲ್ಲಿ ಅವನ ಫೋನ್ ಬರತೊಡಗಿತು. ಅಕ್ಕ ಶುಕ್ರವಾರ ಕೌಂಟರಿನಿಂದ ಓಡೋಡಿ ಬಂದು ನಡುಮನೆಯಲ್ಲಿ ಫೋನಿನ ಹತ್ತಿರ ಬಟ್ಟೆ ಮಡಚುತ್ತ ಕೂರುತ್ತಿದ್ದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಅವಳು ಜೀವಮಾನದಲ್ಲಿ ಬಾಯಿಬಿಟ್ಟು ಬೇಕು ಎಂದದ್ದು ಇವನೊಬ್ಬನನ್ನು. ಹುಡುಗನಿಗೆ ಒಪ್ಪಿಗೆ; ಅವನ ತಾಯಿ ಹಗಲಿನಲ್ಲಿ, ನಮ್ಮ ಮನೆಗೇ ಬಂದು, ಹುಡುಗಿಯನ್ನು ನೋಡಿ ಮಾತು ಮುಗಿಸಬೇಕಿತ್ತು. ಹಗಲು ಎಂಬ ಆ ಒಂದು ಶಬ್ದಕ್ಕೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬೆವರು ಬಂತು.

ಆಗಷ್ಟೇ ಮಣಿಪಾಲದಲ್ಲಿ ಲೇಸರ್ ಬಂದಿತ್ತು. ಪೇಪರಿನಲ್ಲಿ ಜಾಹೀರಾತು: ಇನ್ನು ಕನ್ನಡಿಗೆ ಹೆದರಬೇಡಿ. ಕನ್ನಡಿಗೆ ಯಾರೂ ಹೆದರುವುದಿಲ್ಲ ಎಂದು ನಾನು ವಾದಿಸಿದೆ, ಹೆದರುವುದು ಮೀನಿನವಳಿಗೆ. ಆದರೂ ಅಮ್ಮ ಅಕ್ಕನನ್ನು ಕರೆದುಕೊಂಡು ಹೋದಳು.

ಸಂಜೆ ಬಂದ ಅಕ್ಕ ಡಾಕ್ಟರು ಹೇಳಿದ್ದನ್ನು ನನಗೆ ವಿವರಿಸಿದಳು. ಬೆಳಕು ಕೂದಲಿನ ಕಪ್ಪನ್ನು ಹಿಡಿದುಕೊಂಡು ಒಳಗಿಳಿದು ಬೇರನ್ನು ಸುಡುತ್ತದಂತೆ. ಎಲ್ಲ ಕೂದಲೂ ಒಟ್ಟಿಗೆ ಬೆಳೆಯುವುದಿಲ್ಲ, ಆದ್ದರಿಂದ ವಾರಗಟ್ಟಲೆ ಬಿಟ್ಟು ಬಿಟ್ಟು ಹಲವು ಸಲ ಹೋಗಬೇಕು. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚುರುಕ್ ಎನ್ನುತ್ತದೆ. ಬಿಸಿಲಿಗೆ ಹೋಗಬಾರದು. ಮತ್ತೆ ಮುಖ್ಯ ಸಂಗತಿ: ಥ್ರೆಡ್ಡಿಂಗ್, ವ್ಯಾಕ್ಸಿಂಗ್, ಚಿಮಟ ಎಲ್ಲ ಬಂದ್. ಬೇರು ಒಳಗೇ ಇರಬೇಕು. ಬರುವ ಹಿಂದಿನ ದಿನ ರೇಜರಿನಿಂದ ಶೇವ್ ಮಾಡಿಕೊಂಡು ಬರಬೇಕು.

ಅಮ್ಮ ಒಲೆಯ ಹತ್ತಿರದಿಂದಲೇ ಹೇಳಿದಳು. "ರೇಜರ್ ಎಲ್ಲ ಆಗ್ಲಿಕ್ಕಿಲ್ಲ. ಮದುವೆ ಮಾತು ನಡೆಯುವಾಗ ಹೆಣ್ಣುಮಗಳ ಮುಖಕ್ಕೆ ಕತ್ತಿ ತಾಗಿಸ್ತಾರಾ? ಸಾವಿನ ಮನೆಯಾ ಇದು?"

ನಮ್ಮಲ್ಲಿ ಕತ್ತಿಯ ಮುಂದೆ ಕೂರುವುದು ಗಂಡಸರು, ಅದರಲ್ಲೂ ಮನೆಯಲ್ಲಿ ಯಾರಾದರೂ ಸತ್ತಾಗ. ಅಮ್ಮನ ವಾದಕ್ಕೆ ಒಂದು ಆಧಾರ ಅದಾದರೆ ಇನ್ನೊಂದೂ ಇತ್ತು: "ಒಮ್ಮೆ ರೇಜರ್ ತಾಗಿದರೆ ಮುಗೀತು. ಮತ್ತೆ ಅಪ್ಪನ ಹಾಗೇ ಬರ್ತದೆ, ದಪ್ಪ ದಪ್ಪ."

"ಹಾಗಾದರೆ ಅಪ್ಪನ ನೆತ್ತಿಗೂ ದಿನಾ ರೇಜರ್ ಹಾಕುವ," ಎಂದೆ. "ಅಲ್ಲಿಯೂ ಬರ್ತದಾ ನೋಡುವ."

ಅಪ್ಪ ಪೇಪರ್ ಇನ್ನಷ್ಟು ಎತ್ತಿದರು. ಅಮ್ಮ ಸೆರಗಿನಿಂದ ಮೂಗು ಒರೆಸಿದಳು. ನಾನು ಸೋತೆ.

"ನಿನ್ನ ಚರ್ಚೆ ಕಾಲೇಜಿನಲ್ಲಿ ಇಟ್ಟುಕೋ ಮಾರಾಯ್ತಿ," ಎಂದಳು ಅಮ್ಮ. "ಡಾಕ್ಟರಿಗೆ ಎಂತ ಬೇಕು? ಮೇಲೆ ಕೂದಲು ಕಾಣಬಾರದು, ಅಷ್ಟೇ ಅಲ್ವಾ? ಹೇಗೆ ತೆಗೆದದ್ದು ಅಂತ ಯಾಕೆ ಅವರಿಗೆ?"

ಹೀಗೆ ಒಂದು ವ್ಯವಸ್ಥೆ ಹುಟ್ಟಿತು. ಲೇಸರಿಗೆ ಹೋಗುವ ಹಿಂದಿನ ದಿನ ಅಮ್ಮ ಮತ್ತು ಅಕ್ಕ ಬಸ್ಸು ಹತ್ತಿ ಪಡುಬಿದ್ರಿಯ ಒಂದು ಪಾರ್ಲರಿಗೆ ಹೋಗುತ್ತಿದ್ದರು. ಕಾಪುವಿನಲ್ಲಿ ಮಾಡಿಸಿದರೆ ಊರಿಗೆ ಗೊತ್ತಾಗುತ್ತದೆ. ಊರಿಗೆ ಆಗಲೇ ಗೊತ್ತಿತ್ತು, ಆದರೆ ಗುಟ್ಟು ಎಂಬುದು ನಮ್ಮಲ್ಲಿ ಮರ್ಯಾದೆಯ ಪ್ರಶ್ನೆ, ಮಾಹಿತಿಯ ಪ್ರಶ್ನೆ ಅಲ್ಲ. ಅಲ್ಲಿ ನೂಲು ಹಾಕಿ ಗದ್ದದ ಒಂದೊಂದು ಕೂದಲನ್ನೂ ಬೇರುಸಹಿತ ಕೀಳಿಸಿಕೊಂಡು, ಮರುದಿನ ಮಣಿಪಾಲಕ್ಕೆ ಹೋಗಿ ಆ ಬೇರುಗಳನ್ನು ಸುಡಿಸಿಕೊಳ್ಳುವುದು. ಕಳೆಯನ್ನೆಲ್ಲ ಕಿತ್ತುಕೊಂಡು ಹೋದ ಮೇಲೆ ಖಾಲಿ ಗದ್ದೆಗೆ ಬೆಂಕಿ ಕೊಟ್ಟ ಹಾಗೆ.

ಅಕ್ಕ ಯಾಕೆ ಒಪ್ಪಿದಳು ಎಂದು ಕೇಳಬಹುದು. ಅವಳು ಎಂ.ಕಾಂ., ದಡ್ಡಿ ಅಲ್ಲ. ಆದರೆ ರೇಜರೂ ಇಲ್ಲ, ನೂಲೂ ಇಲ್ಲ ಎಂದರೆ ವಾರಗಟ್ಟಲೆ ಕೂದಲು ಬೆಳೆಸಿಕೊಂಡು ಕೌಂಟರಿನಲ್ಲಿ ಕೂರಬೇಕಿತ್ತು. ಇನ್ನಂಜೆಯಿಂದ ಬಳೆ ಅಡವಿಡಲು ಬಂದವರು ಬಳೆಯನ್ನು ತಕ್ಕಡಿಯಲ್ಲಿಟ್ಟು ಅಕ್ಕನ ಮುಖವನ್ನು ತೂಗುತ್ತಿದ್ದರು. ಅಮ್ಮನ ಉಪಾಯದಲ್ಲಿ ಆ ಕಷ್ಟವಿರಲಿಲ್ಲ.

ಕೂದಲು ಸ್ವಲ್ಪವೂ ಕಡಿಮೆಯಾಗಲಿಲ್ಲ. ಪ್ರತಿ ಸಲ ಅಷ್ಟೇ ದಟ್ಟವಾಗಿ, ಏನೂ ನಡೆದಿಲ್ಲವೆಂಬಂತೆ ಬಂತು. ನಾಲ್ಕನೆಯ ಸಲ ನಾನೂ ಜೊತೆಗೆ ಹೋದೆ. ಕರ್ಚೀಫಿನಷ್ಟು ಕೋಣೆ, ಕೊರೆಯುವ ಏಸಿ. ಅಕ್ಕನ ಕಣ್ಣಿಗೆ ಕಪ್ಪು ಕನ್ನಡಕ ಕಟ್ಟಿ, ಗದ್ದಕ್ಕೆ ತಣ್ಣನೆಯ ಜೆಲ್ ಬಳಿದರು. ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಕಡಿಮೆ.

"ಥ್ರೆಡ್ಡಿಂಗ್ ಮಾಡಿಸಿಲ್ಲ ಅಲ್ವಾ?"

"ಇಲ್ಲ, ಇಲ್ಲ. ಶೇವ್," ಎಂದಳು ಅಮ್ಮ, ಅಕ್ಕ ಬಾಯಿ ತೆರೆಯುವ ಮೊದಲೇ. ನಾನು ಬಾಯಿ ತೆರೆದೆ. ಅಮ್ಮನ ಚಪ್ಪಲಿಯ ಹಿಮ್ಮಡಿ ನನ್ನ ಕಾಲಿನ ಕಿರುಬೆರಳ ಮೇಲೆ ಬಂದು ನಿಂತಿತು.

"ಇಷ್ಟು ಸಲ ಆದ ಮೇಲೆ ಸ್ವಲ್ಪವಾದರೂ ವ್ಯತ್ಯಾಸ ಕಾಣಬೇಕಿತ್ತು," ಎಂದರು ಡಾಕ್ಟರು. "ಇವತ್ತು ಸ್ವಲ್ಪ ಪವರ್ ಜಾಸ್ತಿ ಮಾಡಿ ನೋಡ್ತೇನೆ. ಬಿಸಿ ಆದರೆ ಹೇಳಿ, ತಡೆದುಕೊಳ್ಳಬೇಡಿ."

"ಜಾಸ್ತಿಯೇ ಮಾಡಿ ಡಾಕ್ಟ್ರೇ. ಅವಳು ತಡೆದುಕೊಳ್ತಾಳೆ," ಎಂದಳು ಅಮ್ಮ.

ಅಕ್ಕ ತಡೆದುಕೊಂಡಳು. ಅವಳ ಜೀವನದ ಒಂದೇ ತರಬೇತಿ ಅದು. ಮಂಚದ ಅಂಚನ್ನು ಹಿಡಿದ ಬೆರಳು ಬಿಳಿಯಾದವು. ಹಿಡಿಯಲು ಕೂದಲಿಲ್ಲದ ಬೆಳಕು ಅಲ್ಲಿದ್ದ ಇನ್ನೊಂದು ಕಪ್ಪನ್ನು ಹಿಡಿಯಿತು: ಅಕ್ಕನ ಚರ್ಮವನ್ನು. ಸಂಜೆಗೆ ಕೆಂಪಾಯಿತು, ಮತ್ತೆ ಹೊಪ್ಪಳೆ ಎದ್ದಿತು, ಹೊಪ್ಪಳೆ ಉದುರಿದ ಮೇಲೆ ಕಂದು ಬಣ್ಣದ ಚೌಕಗಳು ಉಳಿದವು. ಯಂತ್ರದ ಮೂತಿ ಎಷ್ಟಗಲವೋ ಅಷ್ಟಗಲ, ಒಂದರ ಪಕ್ಕ ಒಂದು, ಗದ್ದದ ಈ ತುದಿಯಿಂದ ಆ ತುದಿಗೆ. ರೇಷನ್ ಆಫೀಸಿನವರು ಸೀಲು ಒತ್ತಿದ ಹಾಗೆ. ಚೌಕಗಳ ನಡುವೆ, ನಿರಾತಂಕವಾಗಿ, ಕೂದಲು.

ಕ್ರೀಮು ಕೊಟ್ಟರು, ತಿಂಗಳುಗಳಲ್ಲಿ ಮಾಸುತ್ತದೆ ಎಂದರು. ತಿಂಗಳುಗಳು ನಮ್ಮಲ್ಲಿರಲಿಲ್ಲ. ಹುಡುಗನ ತಾಯಿ ಮುಂದಿನ ಆದಿತ್ಯವಾರವೇ ಕಾರ್ಕಳದಿಂದ ಬಂದರು.

ಜಗಲಿಯಲ್ಲಿ ಕೂತರು. ಗೋಳಿಬಜೆ ತಿಂದರು, ಚೆನ್ನಾಗಿದೆ ಎಂದರು. ಅಕ್ಕನನ್ನು ಹತ್ತಿರ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಬೆರಳಿನಿಂದ ಅವಳ ಗದ್ದವನ್ನು ಬಿಸಿಲಿನ ಕಡೆಗೆ ಎತ್ತಿದರು.

"ಇದೆಂತ ಇದು?"

"ಎಣ್ಣೆ ಸಿಡಿದದ್ದು," ಎಂದಳು ಅಮ್ಮ. "ಮೀನು ಕಾಯಿಸುವಾಗ."

"ನಿಮ್ಮ ಕಾಪುವಲ್ಲಿ ಎಣ್ಣೆ ಚೌಕ ಚೌಕ ಸಿಡಿಯುದಾ?"

ನಾನು ಎಷ್ಟೋ ವೇದಿಕೆಗಳಲ್ಲಿ ಕೂತಿದ್ದೇನೆ. ಇಷ್ಟು ಚಿಕ್ಕ, ಇಷ್ಟು ಪೂರ್ತಿಯಾದ ಖಂಡನೆಯನ್ನು ಕೇಳಿಲ್ಲ.

"ಲೇಸರ್ ಅಲ್ವಾ?" ಎಂದರು ಅವರು, ಬೆರಳು ತೆಗೆಯದೆ. "ಶೇವ್ ಮಾಡುದು ಬಿಟ್ಟು ಥ್ರೆಡ್ಡಿಂಗ್ ಮಾಡಿಸಿ ಹೋದದ್ದಾ? ನಮ್ಮದೂ ಅದೇ ಕಥೆ. ನನ್ನ ಮಗಳಿಗೆ ಮಂಗಳೂರಲ್ಲಿ ಮಾಡಿಸಿದ್ದು. ನಾನೂ ರೇಜರ್ ಬೇಡವೇ ಬೇಡ ಅಂತ ಕೂತಿದ್ದೆ."

ಅಮ್ಮನ ಮುಖ ಅರಳಿದ್ದನ್ನು ನೋಡಬೇಕಿತ್ತು. ಒಂದೇ ದೋಣಿಯವರು ಸಿಕ್ಕಿದ ಹಾಗೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಅಕ್ಕನೂ ಮೊದಲ ಸಲ ತಲೆ ಎತ್ತಿ ಅವರನ್ನು ನೋಡಿದಳು. ನೋವು ಉಂಡವರಿಗೆ ಇನ್ನೊಬ್ಬರ ನೋವು ಅರ್ಥವಾಗುತ್ತದೆ ಎಂಬ ಮಾತನ್ನು ನಾವು ಶಾಲೆಯಲ್ಲಿ ಓದಿದ್ದೇವಲ್ಲ. ಅರ್ಥ ಆಗುತ್ತದೆ, ಖಂಡಿತ ಆಗುತ್ತದೆ. ಆದದ್ದರಿಂದಲೇ ಅವರು ಹೇಳಿದರು:

"ಅವಳೊಬ್ಬಳನ್ನು ದಾಟಿಸಲಿಕ್ಕೆ ನಮಗೆ ಸಾಕೋಸಾಕಾಗಿದೆ. ಇನ್ನೊಬ್ಬಳನ್ನು ಗೊತ್ತಿದ್ದೂ ಗೊತ್ತಿದ್ದೂ ಮನೆಯೊಳಗೆ ತಂದುಕೊಳ್ಳುದು ಹೇಗೆ, ನೀವೇ ಹೇಳಿ."

ನನಗೆ ಸುಮ್ಮನಿರಲಾಗಲಿಲ್ಲ. "ಅಲ್ಲ ಆಂಟಿ, ನಿಮ್ಮ ಮಗಳಿಗೂ ಉಂಟಾದರೆ ಅದು ನಿಮ್ಮ ಮನೆತನದಲ್ಲಿಯೇ ಉಂಟು ಅಂತಾಯ್ತು. ಹಾಗಾದರೆ ಯೋಚನೆ ಮಾಡಬೇಕಾದದ್ದು ನಾವಲ್ವಾ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸಿಟ್ಟು ಬರಲಿಲ್ಲ. "ಸರಿಯಾಗಿ ಹೇಳಿದೆ ಮಗ. ಅದಕ್ಕೇ ಹೇಳುದು, ಎರಡೂ ಕಡೆಯಿಂದ ಬೇಡ ಅಂತ."

ಗೋಳಿಬಜೆ ಇನ್ನೊಂದು ತಿಂದು, ಕೈ ತೊಳೆದು, ಕಾರು ಹತ್ತಿದರು.

ಮರುದಿನ ಅಕ್ಕ ರಜೆ ಹಾಕಿ ಮಣಿಪಾಲಕ್ಕೆ ಹೊರಟಳು. ಅಮ್ಮನನ್ನು ಕರೆಯಲಿಲ್ಲ, ನನ್ನನ್ನು ಕರೆದಳು. ಡಾಕ್ಟರಿಗೆ ಎಲ್ಲ ಹೇಳಿದಳು: ಪಡುಬಿದ್ರಿ, ನೂಲು, ಸುಳ್ಳು. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು.

"ನೀವು ಓದಿದವರು ಅಲ್ವಾ? ಕೂದಲು ಸುಟ್ಟ ವಾಸನೆ ಬರ್ತಾ ಇರಲಿಲ್ಲ, ನನಗೆ ಆವಾಗಲೇ ಸಂಶಯ ಬರಬೇಕಿತ್ತು. ಕೂದಲು ಹಿಡಿಯಲಿಲ್ಲ ಅಂತ ನಾನು ಪವರ್ ಏರಿಸಿದೆ. ಹೇಳಿದ್ದರೆ ಏರಿಸ್ತಿರಲಿಲ್ಲ."

"ಇನ್ನು ಸರಿಯಾಗಿ ಮಾಡಿಸಿದರೆ ಯಾವಾಗ ಮುಗಿಯುತ್ತದೆ?" ಎಂದು ಅಕ್ಕ ಕೇಳಿದಳು.

ಡಾಕ್ಟರು ಮೊದಲ ಸಲವೇ ಮಾಡಿಸಿದ್ದ ಅವಳ ಹಾರ್ಮೋನ್ ಪರೀಕ್ಷೆಯ ರಿಪೋರ್ಟನ್ನು ಮತ್ತೊಮ್ಮೆ ನೋಡಿದರು. ಚೌಕಗಳು ಮಾಸುವವರೆಗೆ ಯಂತ್ರ ಮುಟ್ಟಿಸುವ ಹಾಗಿಲ್ಲ. ಆಮೇಲೆ ಕೂದಲು ಕಡಿಮೆಯಾಗುತ್ತದೆ, ತೆಳ್ಳಗಾಗುತ್ತದೆ, ಬಿಡುವು ಸಿಗುತ್ತದೆ. ಆದರೆ ನಿಮಗೆ ಇದು ಒಳಗಿನಿಂದ ಬರುವುದು. ಹೊಸದು ಹುಟ್ಟುತ್ತಲೇ ಇರುತ್ತದೆ, ಆಗಾಗ ಬರುತ್ತಿರಬೇಕು. "ಮುಗೀತು ಅಂತ ಹೇಳುವ ದಿನ ಬರ್ಲಿಕ್ಕಿಲ್ಲ. ಹಾಗೆ ಹೇಳುವವರು ಸಿಕ್ಕಿದರೆ ಅವರ ಹತ್ತಿರ ಹೋಗಬೇಡಿ."

ಉಡುಪಿ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಅಕ್ಕ ರೇಜರ್ ಕೇಳಿದಳು. ಅಂಗಡಿಯವನು ಎರಡು ಬಗೆ ತೆಗೆದಿಟ್ಟು, "ಮನೆಯವರು ಯಾವುದು ಹಾಕುದು?" ಎಂದ. "ನನಗೆ," ಎಂದಳು. ಅವನು ಕಾಗದದಲ್ಲಿ ಸುತ್ತಿ ಕೊಟ್ಟ, ಔಷಧದ ಅಂಗಡಿಯವರು ಕೆಲವು ಸಾಮಾನುಗಳನ್ನು ಸುತ್ತಿಕೊಡುವ ಹಾಗೆ. ಮನೆಯಲ್ಲಿ ಅಮ್ಮ ಅದನ್ನು ನೋಡಿ ಎರಡು ಹೊತ್ತು ಊಟ ಬಿಟ್ಟಳು. ಮೂರನೆಯ ಹೊತ್ತಿಗೆ ಕಾಣೆ ಮೀನು ಇತ್ತು, ಉಂಡಳು.

ಆ ಶುಕ್ರವಾರ ಫೋನ್ ಬರಲಿಲ್ಲ. ಅದರ ಮುಂದಿನ ಶುಕ್ರವಾರ ಬಂತು. ಅಕ್ಕ ಅಂದು ಬಟ್ಟೆ ಮಡಚುತ್ತಿರಲಿಲ್ಲ, ಅಡಿಗೆಮನೆಯಲ್ಲಿದ್ದಳು. ಕೈ ಒರೆಸಿಕೊಂಡು ಬಂದಳು. ಆಗಿನ ಆ ಫೋನಿನಲ್ಲಿ ದೂರದವರು ಕಿರುಚಿಯೇ ಮಾತಾಡುತ್ತಿದ್ದರು, ಪಕ್ಕದಲ್ಲಿ ನಿಂತವರಿಗೂ ಕೇಳುತ್ತಿತ್ತು. ಅಮ್ಮ ಒಂದು ಪಕ್ಕ, ನಾನು ಇನ್ನೊಂದು ಪಕ್ಕ.

"ಅಮ್ಮ ಬೇಡ ಅಂತಾರೆ," ಎಂದ ಅವನು. "ಆದರೆ ನಾನು ಒಪ್ಪಿಸ್ತೇನೆ. ನಿಮ್ಮ ಟ್ರೀಟ್‌ಮೆಂಟ್ ಉಂಟಲ್ಲ, ಅದೊಂದು ಪೂರ್ತಿ ಮುಗೀತು ಅಂದರೆ ಅವರಿಗೆ ಹೇಳಲಿಕ್ಕೆ ನನಗೂ ಒಂದು ದಾರಿ ಆಗ್ತದೆ. ಒಂದು ವರ್ಷ ಆದರೂ ಕಾಯುವ. ಮುಗೀತದೆ ಅಲ್ವಾ?"

ಅಮ್ಮ ಎರಡೂ ಕೈ ಆಡಿಸಿದಳು. ಹೌದು ಅನ್ನು, ಹೌದು ಅನ್ನು. ಸ್ವರವಿಲ್ಲದೆ ಬಾಯಿ ಮಾತ್ರ ಆಡುತ್ತಿತ್ತು. ನನ್ನ ಮನಸ್ಸು, ಹಾಳಾದ್ದು, ಎರಡೂ ಪಕ್ಷವನ್ನು ಒಟ್ಟಿಗೆ ವಾದಿಸತೊಡಗಿತ್ತು: ಒಂದು ಶಬ್ದ ಸಾಕು, ಮದುವೆಯಾಗುತ್ತದೆ, ಮಸ್ಕತ್ತು ಸಿಗುತ್ತದೆ; ಮತ್ತೆ ಜೀವಮಾನವಿಡೀ ಅವನು ಏಳುವ ಮೊದಲು ಎದ್ದು ಬಚ್ಚಲಿನ ಬಾಗಿಲು ಹಾಕಿಕೊಳ್ಳಬೇಕು.

"ಮುಗಿಯುದಿಲ್ಲ," ಎಂದಳು ಅಕ್ಕ. "ಕಡಿಮೆ ಆಗ್ತದೆ. ಈಗ ನಾನು ಶೇವ್ ಮಾಡುದು. ಇವತ್ತು ಬೆಳಿಗ್ಗೆಯೂ ಮಾಡಿದೆ."

ಅವನು, "ಹಾಂ... ಸರಿ, ನಾನು ಮತ್ತೆ ಮಾಡ್ತೇನೆ," ಎಂದ. ಅಕ್ಕ ರಿಸೀವರನ್ನು ಕಿವಿಯಲ್ಲೇ ಇಟ್ಟುಕೊಂಡಿದ್ದಳು. ಅವನು ಇಟ್ಟ ಸದ್ದು ನಮಗೂ ಕೇಳಿತು.

"ಹೌದು ಅಂದಿದ್ದರೆ ನಿನ್ನದು ಎಂತ ಹೋಗ್ತಿತ್ತು?" ಎಂದು ಅಮ್ಮ ಕೂಗಿದಳು. "ಒಂದು ಮಾತು. ಒಂದೇ ಒಂದು ಮಾತು!"

ಅಕ್ಕ ಅಮ್ಮನನ್ನಲ್ಲ, ನನ್ನನ್ನು ನೋಡಿದಳು. ನಾನು ಏನಾದರೂ ಹೇಳುತ್ತೇನೆಂದು, ಅವಳ ಪರವಾಗಿ ಒಂದು ಒಳ್ಳೆಯ ವಾದ ಹೂಡುತ್ತೇನೆಂದು ಕಾದಂತಿತ್ತು. ನನ್ನ ಹತ್ತಿರ ಇತ್ತು, ಒಂದಲ್ಲ ನಾಲ್ಕು. ಅಮ್ಮ ಆಗಲೇ ಅಳಲು ಶುರುಮಾಡಿದ್ದಳು. ಅಕ್ಕ ಅಡಿಗೆಮನೆಗೆ ಹೋಗಿ ಅರ್ಧಕ್ಕೆ ಬಿಟ್ಟ ತೆಂಗಿನಕಾಯಿ ತುರಿಯತೊಡಗಿದಳು.