ಕಾಗೆ ತಂಡದ ಬಿಳಿ ಪ್ಯಾಂಟು

ಬೆಳಕು ಹರಿಯುವ ಮುಂಚೆ ನನ್ನ ಗಂಡ ತಮೊತ್ಸು ಇಷ್ಟು ಕೆಲಸ ಮುಗಿಸುತ್ತಿದ್ದರು. ಎರಡು ಗಂಟೆಗೆ ಎದ್ದು ಒಲೆ ಹೊತ್ತಿಸುವುದು. ನೆನೆದ ಸೋಯಾ ಕಾಳನ್ನು ಬಸಿದು ರುಬ್ಬುವುದು. ರುಬ್ಬಿದ್ದನ್ನು ಹಂಡೆಯಲ್ಲಿ ಕುದಿಸುತ್ತ, ಉಕ್ಕಿ ಬರುವ ನೊರೆಯನ್ನು ಮರದ ಹುಟ್ಟಿನಿಂದ ಅದುಮುವುದು. ಬಟ್ಟೆಯ ಚೀಲದಲ್ಲಿ ಸೋಸಿ ಹಾಲು ಬೇರೆ, ಹಿಂಡಿ ಬೇರೆ ಮಾಡುವುದು. ಹಾಲಿಗೆ ಕಡಲುಪ್ಪಿನ ಕಹಿನೀರು ಬಿಟ್ಟು, ಒಡೆದದ್ದನ್ನು ಅಚ್ಚಿಗೆ ಸುರಿದು, ಮೇಲೆ ಕಲ್ಲು ಹೇರಿ, ಗಟ್ಟಿಯಾದ ತೋಫುವನ್ನು ತಣ್ಣೀರಿನ ತೊಟ್ಟಿಗಿಳಿಸಿ ಕತ್ತರಿಸುವುದು. ನಾಲ್ಕೂಕಾಲಿಗೆ ಮುಖ ತೊಳೆದು, ಎದೆಯ ಮೇಲೆ ಕಾಗೆಯ ಚಿತ್ರವಿರುವ ಬಿಳಿ ಅಂಗಿ, ಬಿಳಿ ಪ್ಯಾಂಟು ತೊಟ್ಟು, ಸೈಕಲ್ಲಿನ ಹ್ಯಾಂಡಲಿಗೆ ಗ್ಲೌಸು ಸಿಕ್ಕಿಸಿಕೊಂಡು ಹೊಳೆದಂಡೆಯ ಮೈದಾನಕ್ಕೆ ಹೊರಡುವುದು.

ಅವರು ತೀರಿಕೊಂಡ ನಲವತ್ತೊಂಬತ್ತನೆಯ ದಿನದ ಪೂಜೆಗೆ ಬಂದವರೆಲ್ಲ ಇದನ್ನೇ ಹೇಳಿಕೊಂಡು ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಒರೆಸಿಕೊಳ್ಳುತ್ತಲೇ, ಕಾಳು ನೆನೆಸಿಟ್ಟವರು ಯಾರು, ಚೀಲದ ಇನ್ನೊಂದು ತುದಿ ಹಿಡಿದು ತಿರುಚಿದವರು ಯಾರು, ಆ ಪ್ಯಾಂಟು ಅಷ್ಟು ಬೆಳ್ಳಗಿದ್ದದ್ದು ಹೇಗೆ ಎಂದು ಮನಸ್ಸಿನಲ್ಲೇ ಕೇಳಿಕೊಂಡೆ. ಗಂಡನ ಪಟದ ಮುಂದೆ ಧೂಪ ಹಚ್ಚುವಾಗಲೂ ಹೀಗೆ ತಕರಾರು ತೆಗೆಯುವ ಹೆಂಗಸು ನಾನು.

ಹಾಗೆಂದು ಅವರು ಕೆಟ್ಟವರಲ್ಲ. ನನ್ನ ತೊಂದರೆಯೇ ಅದು. ಇಬ್ಬರು ಹೆಣ್ಣುಮಕ್ಕಳಿಗೂ ದಿನಾ ಸಂಜೆ ಅವರೇ ಸ್ನಾನ ಮಾಡಿಸುತ್ತಿದ್ದರು. ತೋಫು ಕತ್ತರಿಸುವಷ್ಟೇ ನಾಜೂಕಾಗಿ ಉಗುರು ಕತ್ತರಿಸುತ್ತಿದ್ದರು. ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ನಮ್ಮ ಬೀದಿಯ ಕ್ಷೌರಿಕ ಗಿಂಜಿಯ ಹೆಂಡತಿ ಕಿನುಯೊಗೆ ಮನಸಾರೆ ಬಯ್ಯಬಹುದಾದ ಗಂಡನಿದ್ದ. ನನಗೆ ಆ ಭಾಗ್ಯವಿರಲಿಲ್ಲ.

ಗಿಂಜಿಯೇ ತಂಡದ ನಾಯಕ. ಅಂಗಡಿ ಬೀದಿಯ ಹನ್ನೊಂದು ಗಂಡಸರು ಸೇರಿ ‘ಕಾಗೆಗಳು’ ಎಂದು ಹೆಸರಿಟ್ಟುಕೊಂಡಿದ್ದರು. ಹಿಮ ಕರಗಿದ ಮೇಲೆ ಸೆಪ್ಟೆಂಬರಿನವರೆಗೆ, ವಾರಕ್ಕೆರಡು ಸಲ ಬೆಳಗಿನ ಐದಕ್ಕೆ ಆಟ. ಆರೂವರೆಗೆ ಆಟ ಮುಗಿಸಿ, ಗಿಂಜಿಯ ವ್ಯಾನಿನ ಮರೆಯಲ್ಲಿ ಬಟ್ಟೆ ಬದಲಾಯಿಸಿ, ಕೊಳೆಯಾದದ್ದನ್ನು ಹೆಂಡತಿಯರು ಹಿಡಿದು ನಿಂತ ಬುಟ್ಟಿಗಳಿಗೆ ಎಸೆದು ಎಲ್ಲರೂ ಅಂಗಡಿ ತೆರೆಯಲು ಓಡುತ್ತಿದ್ದರು. ಹನ್ನೊಂದು ಗಂಡಸರ ಬೇಸ್‌ಬಾಲ್, ಹನ್ನೊಂದು ಹೆಂಗಸರ ಬುಟ್ಟಿ.

ತಮೊತ್ಸು ದೊಡ್ಡ ಹೊಡೆತಗಾರರೇನಲ್ಲ. ಅವರ ಹೆಸರಿದ್ದದ್ದು ಜಾರುವುದಕ್ಕೆ. ನೆಲಕ್ಕೆ ಹಾಸಿದ ಒಂದು ಬೇಸಿನ ಮೆತ್ತೆಯಿಂದ ಇನ್ನೊಂದನ್ನು ಚೆಂಡಿಗಿಂತ ಮೊದಲು ಮುಟ್ಟಲು ಓಡಿ, ಕೊನೆಯ ನಾಲ್ಕು ಮಾರು ಇರುವಾಗ ಕಾಲು ಮುಂದೆ ಚಾಚಿ ನೆಲಕ್ಕೆ ಬಿದ್ದು ಮಣ್ಣೆಬ್ಬಿಸುತ್ತ ಜಾರಿದರೆ, ದಂಡೆಯ ಮೇಲೆ ವಾಕಿಂಗ್ ಬಂದ ಮುದುಕರೆಲ್ಲ ‘ಹೋ’ ಎನ್ನುತ್ತಿದ್ದರು. ಹೊಳೆದಂಡೆಯ ಮಣ್ಣು ಕಪ್ಪು ಜೇಡಿ. ಅದು ನೂಲಿನೊಳಕ್ಕೆ ಇಳಿದರೆ ವಾಷಿಂಗ್ ಮಷೀನು ಕೈ ಮುಗಿಯುತ್ತದೆ.

ಆದರೂ ಕಾಗೆಗಳಲ್ಲೆಲ್ಲ ಬೆಳ್ಳಗಿನ ಕಾಗೆ ನನ್ನ ಗಂಡನೇ. ಅದು ಹೇಗೆ ಎಂದು ಕಿನುಯೊ ಹದಿಮೂರು ವರ್ಷ ಕೇಳಿದಳು. “ಏನಿಲ್ಲಮ್ಮ, ಸುಮ್ನೆ ಸ್ವಲ್ಪ ಉಜ್ತೀನಿ” ಎನ್ನುತ್ತಿದ್ದೆ. ಸುಳ್ಳು. ಒದ್ದೆ ಮಣ್ಣನ್ನು ಉಜ್ಜಿದರೆ ಅದು ಇನ್ನೂ ಒಳಕ್ಕೆ ಹೋಗುತ್ತದೆ. ಮೊದಲು ಬಿಸಿಲಿಗೆ ಒಣಗಿಸಬೇಕು, ಕೋಲಿನಿಂದ ಬಡಿಯಬೇಕು, ಗಡಸು ಬ್ರಷ್ಷಿನಿಂದ ಗುಡಿಸಬೇಕು, ಆಮೇಲೆ ಕಟ್ಟಿ ಸೋಪು, ಉಜ್ಜುವ ಹಲಗೆ, ಕುದಿನೀರು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಊರಿನಲ್ಲಿ ಕೆಲವರಿಗೆ ಗದ್ದೆಯಿರುತ್ತದೆ, ಕೆಲವರಿಗೆ ಪದವಿಯಿರುತ್ತದೆ. ನನಗಿದ್ದದ್ದು ಈ ಪ್ಯಾಂಟು. ಬುಟ್ಟಿಗೆ ಬಂದು ಬಿದ್ದ ಕೆಸರನ್ನು ನೋಡಿ, ಇವತ್ತು ಜಾಸ್ತಿಯೇ ಬಿದ್ದಿದೆ ಎಂದು ಖುಷಿಪಟ್ಟ ದಿನಗಳೂ ಉಂಟು.

ಅವರ ಆಟ ಶುರುವಾದ ಹದಿನಾಲ್ಕನೆಯ ವರ್ಷದ ಮೇ ತಿಂಗಳಲ್ಲಿ ನನ್ನ ಬೆರಳುಗಳು ಸೀಳಿದವು. ಕಹಿನೀರು ಒಂದು ಕಡೆ, ಸೋಪು ಒಂದು ಕಡೆ. ಚಾಪ್‌ಸ್ಟಿಕ್ ಹಿಡಿದರೆ ರಕ್ತ ಬರುತ್ತಿತ್ತು. ಡಾಕ್ಟರು ಕೈಯನ್ನು ತಿರುಗಿಸಿ ನೋಡಿದರು.

“ಏನಮ್ಮ ಒಗೀತೀಯ ಇಷ್ಟು? ಕಲ್ಲಾ?”

“ಪ್ಯಾಂಟು.”

“ಎಷ್ಟು ಜನರದ್ದು?”

“ಒಬ್ಬರದ್ದು.”

ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಸೆಪ್ಟೆಂಬರಿನ ತನಕ ಸೋಪು ಮುಟ್ಟಬಾರದು, ಮುಟ್ಟಿದರೆ ಈ ಕೈಯಲ್ಲಿ ಮುಂದೆ ಸೂಜಿಯನ್ನೂ ಹಿಡಿಯಲಾಗದು ಎಂದರು. ಅಂಗಡಿ ಕೆಲಸಕ್ಕೆ ರಬ್ಬರ್ ಗ್ಲೌಸು, ಮನೆಯ ಬಟ್ಟೆಗೆ ಮಷೀನು. ಆಟದ ಬಟ್ಟೆಗೆ?

ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ. “ರೀ, ಇನ್ಮೇಲೆ ನಿಮ್ಮ ಆಟದ ಬಟ್ಟೆ ನೀವೇ ಒಗೆದ್ಕೊಳ್ಳಿ.” ಮೂರು ದಿನ ಅಭ್ಯಾಸ ಮಾಡಿಕೊಂಡ ಮಾತು. ಜಗಳಕ್ಕೆ ಬೇಕಾದ ಉತ್ತರಗಳನ್ನೂ ಸಾಲಾಗಿ ಇಟ್ಟುಕೊಂಡಿದ್ದೆ.

“ಆಗ್ಲಿ” ಎಂದು ಅವರು ಇನ್ನೊಂದು ತುತ್ತು ಅನ್ನ ತಿಂದರು.

ನನ್ನ ಉತ್ತರಗಳೆಲ್ಲ ದಂಡವಾದವು. ಜಗಳಕ್ಕೆ ಬಂದವರು ನಮ್ಮತ್ತೆ. “ತೋಫು ಹಿಡಿಯೋ ಕೈಗೆ ಸೋಪು ಕೊಟ್ಟಳಲ್ಲಪ್ಪ! ನಿಮ್ಮಪ್ಪಂಗೆ ಬದುಕಿರೋ ತನಕ ತನ್ನ ಕರವಸ್ತ್ರ ಎಲ್ಲಿರುತ್ತೆ ಅಂತ ಗೊತ್ತಿರಲಿಲ್ಲ.”

“ಅದಕ್ಕೇ ಅವರು ಕಿಮೊನೊ ತೋಳಲ್ಲಿ ಮೂಗು ಒರೆಸ್ಕೋತಿದ್ದರು ಅಂತ ನೀವೇ ಹೇಳಿದ್ರಲ್ಲ ಅತ್ತೆ” ಎಂದೆ.

ಮೊದಲ ಸಲ ತಮೊತ್ಸು ಕೆಸರಿನ ಬಟ್ಟೆಯನ್ನು ಹಾಗೆಯೇ ಮಷೀನಿಗೆ ಹಾಕಿದರು. ಅದರಲ್ಲಿ ಮಕ್ಕಳ ಶಾಲೆಯ ಅಂಗಿಗಳಿದ್ದವು. ಎಲ್ಲವೂ ಇಲಿಯ ಬಣ್ಣಕ್ಕೆ ತಿರುಗಿ ಹೊರಬಂದವು. ದೊಡ್ಡ ಮಗಳು ಚಿಗುಸಾಗೆ ಆಗ ಹನ್ನೆರಡು. “ಅಪ್ಪ, ನೀನು ಕಾಗೆ ಸರಿ, ನಮ್ಮನ್ನ ಯಾಕೆ ಇಲಿ ಮಾಡ್ದೆ?” ಎಂದಳು. ಅಪ್ಪ ಅವಳಿಗೆ ತಲೆ ಬಾಗಿಸಿ ಕ್ಷಮೆ ಕೇಳಿದರು. ಮುಂದಿನ ಸಲ ಹಿತ್ತಲಿನಲ್ಲಿ ತೊಟ್ಟಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಒದ್ದೆ ಮಣ್ಣಿಗೆ ಸೋಪು ಹಚ್ಚಿ ಉಜ್ಜಿದರು. ಎರಡು ಗಂಟೆ ಹೊತ್ತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಒಣಗಿಸಿ ಬಡಿಯಬೇಕು ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಕೈ ಸೀಳಿಸಿಕೊಂಡು ಕಲಿತದ್ದನ್ನು ಬಿಟ್ಟಿ ಕೊಡಲೇ? ಹೆಂಗಸರ ದುಡಿಮೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಊರೆಲ್ಲ ಭಾಷಣ ಮಾಡುವವಳು, ಕಣ್ಣಿಗೆ ಬೀಳುವ ಹೊತ್ತಿಗೆ ಪರದೆ ಎಳೆದು ನಿಂತೆ.

ಜೂನಿನಿಂದ ಒಂದು ವಿಚಿತ್ರ ನಡೆಯಿತು. ತಮೊತ್ಸು ಜಾರುವುದನ್ನು ನಿಲ್ಲಿಸಿದರು. ಎರಡನೆಯ ಬೇಸಿಗೆ ಓಡುವವರು ಕೊನೆಗೆ ಬಸ್ ನಿಲ್ದಾಣ ತಲುಪಿದವರ ಹಾಗೆ ನಿಧಾನವಾಗಿ ನಿಂತುಬಿಡುತ್ತಿದ್ದರು. ಔಟಾಗುತ್ತಿದ್ದರು. ತಲೆ ಕೆರೆದುಕೊಂಡು ಬರುತ್ತಿದ್ದರು. ಮುದುಕರು ‘ಹೋ’ ಎನ್ನುವುದನ್ನು ಬಿಟ್ಟರು. ಆಗಸ್ಟಿನಲ್ಲಿ ಗಿಂಜಿ ತೋಫು ಕೊಳ್ಳುವ ನೆಪದಲ್ಲಿ ಅಂಗಡಿಗೇ ಬಂದ.

“ಅತ್ತಿಗೆ, ಅಣ್ಣನ ಸೊಂಟ ಹಿಡ್ಕೊಂಡಿದ್ಯಾ?”

“ಸೊಂಟ ನೆಟ್ಟಗಿದೆ. ಸೋಪು ಹಿಡ್ಕೊಂಡಿದೆ.”

ವಿಷಯ ತಿಳಿದು ಅವನ ಮುಖ ಅರಳಿತು. “ಅಷ್ಟೇನಾ? ಕೊಟ್ಟುಬಿಡಿ, ನನ್ನ ಹೆಂಡ್ತಿ ಒಗೀತಾಳೆ. ಒಂದಿರೋ ಕಡೆ ಎರಡು, ಅವಳಿಗೇನು ಭಾರ!”

ಕಿನುಯೊ ಅವನ ಹಿಂದೆಯೇ ಕರಿದ ತೋಫು ಕೊಳ್ಳಲು ನಿಂತಿದ್ದಳು. “ಹೌದು ಅಕ್ಕ, ಇವರಿಗೆ ಹೆಂಡ್ತಿ ಅಂದ್ರೆ ವ್ಯಾನಿದ್ದ ಹಾಗೆ. ಯಾರು ಕೇಳಿದ್ರೂ ಬಾಡಿಗೆಗೆ ಕೊಡ್ತಾರೆ. ನಾಳೆಯಿಂದ ಊರಿನ ತಲೆಗಳನ್ನೂ ನಾನೇ ಬೋಳಿಸ್ತೀನಿ, ಇವರು ಮನೇಲಿರ್ಲಿ!” ಗಿಂಜಿ ತೋಫು ಮರೆತು ಹೊರಟುಹೋದ.

ಹೀಗಿದ್ದೂ ಕಾಗೆಗಳು ಹೇಗೋ ಫೈನಲ್ ತಲುಪಿದರು. ಸೆಪ್ಟೆಂಬರಿನ ಕೊನೆಯ ಭಾನುವಾರ, ಬಂದರಿನ ಮೀನು ಮಾರುಕಟ್ಟೆಯವರ ಮೇಲೆ ಆಟ. ಊರೆಲ್ಲ ದಂಡೆಯ ಮೇಲೆ ಕೂತು ನೋಡುವುದು ರೂಢಿ. ಶನಿವಾರ ಮಧ್ಯಾಹ್ನ ಅವರು ಎಂದಿನಂತೆ ತುತ್ತೂರಿ ಊದುತ್ತ ಸೈಕಲ್ಲಿನಲ್ಲಿ ತೋಫು ಮಾರಲು ಹೋಗಿದ್ದಾಗ, ಹಗ್ಗದ ಮೇಲೆ ಒಣಗುತ್ತಿದ್ದ ಆ ಬೂದು ಪ್ಯಾಂಟನ್ನು ನೋಡಿದೆ. ಊರು ಅವರನ್ನು ನೋಡುವುದಿಲ್ಲ, ನನ್ನನ್ನು ನೋಡುತ್ತದೆ ಎನ್ನಿಸಿತು. ನನ್ನ ಬೆರಳುಗಳಿಗೆ ಹೊಸ ಚರ್ಮ ಬಂದು ಇನ್ನೂ ಹತ್ತು ದಿನವಾಗಿರಲಿಲ್ಲ. ನಾಲ್ಕು ತಿಂಗಳ ಹಟವನ್ನು ನಾನು ಒಂದು ಕ್ಷಣದಲ್ಲಿ ಮುರಿದೆ. ಮುರಿಯಲು ಯಾರೂ ಒತ್ತಾಯಿಸಲಿಲ್ಲ. ನಮ್ಮತ್ತೆ ಕೂಡ ಆಗ ನಿದ್ದೆಯಲ್ಲಿದ್ದರು.

ಬಡಿದೆ, ಗುಡಿಸಿದೆ, ಹಲಗೆಯ ಮೇಲಿಟ್ಟು ಉಜ್ಜಿದೆ. ಒಂದು ಕಾಲು ಬೆಳ್ಳಗಾಗುವ ಹೊತ್ತಿಗೆ ಮೂರು ಬೆರಳು ಮತ್ತೆ ಸೀಳಿದವು. ಅಷ್ಟರಲ್ಲಿ ತಮೊತ್ಸು ಬಂದರು. ನನ್ನ ಕೈ ನೀರಿನಿಂದ ಎತ್ತಿ, ತಮ್ಮ ಕೊರಳಿನ ಟವೆಲಿನಲ್ಲಿ ಒರೆಸಿದರು.

“ಯಾಕೆ ಮಿಸಾವೊ?”

“ನಾಳೆ ಊರೆಲ್ಲ ಬರುತ್ತೆ ರೀ. ಈ ಬಣ್ಣದಲ್ಲಿ ನೀವು ಹೋದ್ರೆ ಯಾರ ಮರ್ಯಾದೆ ಹೋಗುತ್ತೆ?”

ಅವರು ತೊಟ್ಟಿಯ ಅಂಚಿನ ಮೇಲೆ ಕೂತರು. “ಒಂದು ಮಾತು ಹೇಳ್ತೀನಿ, ಬಯ್ಯಬೇಡ. ಒಗೆಯೋಕೆ ಶುರು ಮಾಡಿದ ಮೇಲೆ ಯೋಚನೆ ಮಾಡ್ದೆ. ಈ ಹದಿಮೂರು ವರ್ಷದಲ್ಲಿ ನಾನು ಜಾರಿದ್ದರಲ್ಲಿ ಅರ್ಧಕ್ಕರ್ಧ ಬೇಕಾಗಿರಲಿಲ್ಲ. ಚೆಂಡು ಇನ್ನೂ ಎಲ್ಲೋ ಇರ್ತಿತ್ತು. ನಿಂತ್ಕೊಂಡೇ ತಲುಪಬಹುದಿತ್ತು.”

“ಮತ್ತೆ?”

“ಆ ಮುದುಕರು ‘ಹೋ’ ಅಂತಿದ್ರಲ್ಲ.”

ನನಗೆ ಅವರನ್ನು ತೊಟ್ಟಿಗೆ ತಳ್ಳಬೇಕೆನಿಸಿತು. ಹದಿಮೂರು ವರ್ಷ ನಾನು ಕೆಸರಿಗಲ್ಲ, ನಾಲ್ಕು ಮುದುಕರ ‘ಹೋ’ಗೆ ಕೈ ಸವೆಸಿದ್ದೆ. ಆದರೆ ಬಯ್ಯಲು ಬಾಯಿ ತೆರೆದಾಗ ಕಿನುಯೊಳ ಮುಖ ನೆನಪಾಯಿತು, ಅವಳ ಮುಂದೆ ‘ಸುಮ್ನೆ ಸ್ವಲ್ಪ ಉಜ್ತೀನಿ’ ಎಂದು ಮೂಗೇರಿಸಿದ್ದು ನೆನಪಾಯಿತು. ನನಗೂ ಒಂದು ‘ಹೋ’ ಬೇಕಿತ್ತು. ಬಯ್ಗುಳ ಅರ್ಧಕ್ಕೇ ನಿಂತಿತು. ಬದಲಿಗೆ ಗುಟ್ಟು ಹೊರಬಿತ್ತು.

“ಒದ್ದೆ ಮಣ್ಣು ಉಜ್ಜಬಾರದು. ಒಣಗಿಸಿ ಬಡೀಬೇಕು.”

ಅವರು ಪ್ಯಾಂಟಿನ ಬೆಳ್ಳಗಾದ ಕಾಲನ್ನು ಎತ್ತಿ ನೋಡಿದರು. “ಇದು ಮೇ ತಿಂಗಳಲ್ಲೇ ಗೊತ್ತಿತ್ತಾ ನಿನಗೆ?”

“ಗೊತ್ತಿತ್ತು.”

“ನಾಲ್ಕು ತಿಂಗಳು!” ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಉಳಿದ ಕಾಲನ್ನು ಒಗೆಯಲು ನನ್ನನ್ನು ಬಿಡಲಿಲ್ಲ. ತಾವೂ ಒಗೆಯಲಿಲ್ಲ, ಅಂಗಡಿಗೆ ಗಿರಾಕಿ ಬಂದಿದ್ದರು.

ಮರುದಿನ ಅವರು ಒಂದು ಕಾಲು ಬಿಳಿ, ಒಂದು ಕಾಲು ಬೂದು ಬಣ್ಣವಾಗಿ ಮೈದಾನಕ್ಕಿಳಿದರು. ದಂಡೆಯ ಮೇಲೆ ನಗು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ನಾನು ಬುಟ್ಟಿಯ ಹಿಂದೆ ಮುಖ ಮುಚ್ಚಿಕೊಂಡೆ. ಕೊನೆಯ ಸರದಿಗೆ ಎರಡೂ ತಂಡ ಸಮ. ತಮೊತ್ಸು ಮೂರನೆಯ ಬೇಸಿನಲ್ಲಿ. ನಮ್ಮವನೊಬ್ಬ ಹೊಡೆದ ಚೆಂಡು ಹೆಚ್ಚು ದೂರ ಹಾರದೆ ಹಿಂದೆ ನಿಂತ ಎದುರಾಳಿಯ ಕೈಸೇರಿತು, ಸೇರಿದ ತಕ್ಷಣ ತಮೊತ್ಸು ಓಟ ಮುಗಿಯುವ ಹೋಮ್ ಬೇಸಿನತ್ತ ಓಡಿದರು. ಚೆಂಡೂ ಬರುತ್ತಿತ್ತು. ಈ ಸಲ ನಿಂತು ತಲುಪಲು ಸಾಧ್ಯವೇ ಇರಲಿಲ್ಲ, ಅದು ಬೇಸ್‌ಬಾಲ್ ತಿಳಿಯದ ನಮ್ಮತ್ತೆಗೂ ಗೊತ್ತಾಯಿತು.

“ಜಾರೋ ತಮೊತ್ಸು!” ಎಂದು ಕೂಗಿದವರು ಅವರೇ. “ಬಟ್ಟೆ ಹಾಳಾಗಿ ಹೋಗ್ಲಿ!”

ತಮೊತ್ಸು ಜಾರಿದರು. ಎರಡೂ ಕಾಲು ಒಂದೇ ಬಣ್ಣವಾದವು. ಔಟಿಲ್ಲ ಎಂದು ಅಂಪೈರ್ ಎರಡು ಕೈಗಳನ್ನೂ ಅಗಲಿಸಿದ. ಗೆದ್ದೆವು. ನಾನು ಎಷ್ಟು ಜೋರಾಗಿ ‘ಹೋ’ ಎಂದೆನೆಂದರೆ, ಪಕ್ಕದ ಮುದುಕ ನನ್ನ ಕಡೆ ತಿರುಗಿ ನೋಡಿದ.

ವ್ಯಾನಿನ ಹತ್ತಿರ ಗದ್ದಲವೋ ಗದ್ದಲ. ಹತ್ತು ಜನರ ಬಟ್ಟೆ ಹತ್ತು ಬುಟ್ಟಿಗೆ ಬಿದ್ದವು. ತಮೊತ್ಸು ಅಂಗಡಿಯ ಅಂಗಿ, ಪ್ಯಾಂಟು ತೊಟ್ಟು ಕೆಸರಿನ ಮುದ್ದೆ ಹಿಡಿದು ಹೊರಬಂದರು. ಕಿನುಯೊ ತನ್ನ ಬುಟ್ಟಿ ಚಾಚಿದಳು. “ಇವತ್ತೊಂದು ದಿನ ಹಾಕಿ ಅಣ್ಣ. ಗೆಲ್ಲಿಸಿದ್ದೀರಿ. ನಾನಾಗೇ ಹೇಳ್ತಿದ್ದೀನಿ, ಇವರು ಹೇಳಿದ್ದಲ್ಲ.” ನಾಚಿಕೆಗೆಟ್ಟ ನನ್ನ ಕೈಯೂ, ಬ್ಯಾಂಡೇಜು ಸುತ್ತಿಕೊಂಡೇ, ನನ್ನ ಬುಟ್ಟಿಯನ್ನು ಮುಂದಕ್ಕೆ ತಳ್ಳಿತು. ಎರಡು ಬುಟ್ಟಿಗಳು ಅವರ ಮುಂದೆ ಬಾಯಿ ತೆರೆದು ನಿಂತವು. ಗಂಡಸರೆಲ್ಲ ನೋಡುತ್ತಿದ್ದರು.

ಅವರು ಎರಡಕ್ಕೂ ಒಂದೊಂದು ಸಲ ತಲೆ ಬಾಗಿಸಿದರು. ಯಾರನ್ನೂ ಏನೂ ಕೇಳದೆ ಸೈಕಲ್ಲಿನ ಹಿಂದೆ ಒಂದು ಬಿದಿರುಕೋಲು ನೆಟ್ಟಗೆ ಕಟ್ಟಿದರು, ಅದಕ್ಕೆ ಆ ಪ್ಯಾಂಟನ್ನು ಬಿಸಿಲು ತಾಕುವ ಹಾಗೆ ಬಿಡಿಸಿ ಹರಡಿದರು, ಮತ್ತು ಅದನ್ನು ಹಾರಿಸಿಕೊಂಡೇ, ತುತ್ತೂರಿ ಊದುತ್ತ, ತೋಫು ಮಾರಲು ದೊಡ್ಡ ಬೀದಿಯತ್ತ ಹೊರಟರು.