ಗಣತಿಯ ರಾತ್ರಿ ರೂಬನ್ ಇದ್ದ

ಸೋಮವಾರ ಕೋಳಿ ಕೂಗುವ ಹೊತ್ತಿಗೆ ರೂಬನ್ ಓಡೆಲ್ ತೀರಿಕೊಂಡ. ಬಿಸಿಲೇರುವಷ್ಟರಲ್ಲಿ ಜನಗಣತಿ ಬರೆಯುವ ಫೆನ್ಸಮ್ ಬಾಗಿಲಿಗೆ ಬಂದ. ಊರಲ್ಲಿ ದಿನಸಿ ಅಂಗಡಿ ಇಟ್ಟವನು, ಈ ಸಲ ಗಣತಿಯ ಕೆಲಸ ಅವನ ಪಾಲಿಗೆ ಬಿದ್ದಿತ್ತು. ಮಂಚದ ಮೇಲೆ ಹೆಣ ಕಂಡು ಟೋಪಿ ತೆಗೆದ. ನಾಳೆ ಬರುತ್ತೇನೆ ಎಂದ. ರೂಬನ್‌ನ ಹೆಂಡತಿ ಕೆಜಾಯ ಬಿಡಲಿಲ್ಲ, ಈಗಲೇ ಬರೆದುಕೊಳ್ಳಿ ಎಂದಳು.

ಗಂಡನ ಹೆಸರು ಈ ಲೆಕ್ಕದಲ್ಲಿ ಸೇರಬೇಕು. ಅವಳಿಗೆ ಬೇರೇನೂ ಬೇಕಿರಲಿಲ್ಲ.

ಅದು ಅವಳು ಅವನಿಗೆ ತೀರಿಸಬೇಕಾದ ಋಣ. ಹತ್ತು ವರ್ಷದ ಹಿಂದಿನ ಗಣತಿಯ ಹೊತ್ತಿಗೆ ಬೆಡ್‌ಫರ್ಡ್‌ಷೈರಿನ ಈ ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು, ಟೋಪಿ ಮಾಡುವವರಿಗಾಗಿ ಗೋಧಿಹುಲ್ಲು ಹೆಣೆಯುತ್ತಿದ್ದರು. ಸೀಳಿದ ಹುಲ್ಲನ್ನು ಬಾಯಲ್ಲಿಟ್ಟು ನೆನೆಸಿ ನೆನೆಸಿ ತುಟಿ ಒಡೆಯುತ್ತಿತ್ತು. ಆಗ ಬಂದಿದ್ದ ಗಣತಿಯವನು ಕೆಜಾಯಳ ಹೆಸರಿನ ಮುಂದೆ ಉದ್ಯೋಗ ಖಾಲಿ ಬಿಟ್ಟ. ಹೆಂಡತಿ ಅಂದಮೇಲೆ ಮುಗಿಯಿತಲ್ಲ ಎಂದ. ರೂಬನ್ ಬಾಗಿಲಿಗೆ ಅಡ್ಡ ನಿಂತ.

"ಅವಳ ತುಟಿ ನೋಡಿ ಸ್ವಾಮಿ. ಚಳಿಗಾಲದಾಗೆ ನಂಗೆ ಕೂಲಿ ಇರಲ್ಲ. ಅವಳು ಹೆಣೆದ್ರೆ ನಾನು ಉಣ್ಣೋದು. ಬರೀರಿ."

ಬರೆದ. ಓದಲು ಬಾರದ ರೂಬನ್ ಅದನ್ನು ಎರಡು ಸಲ ಓದಿಸಿ ಕೇಳಿದ.

ಈಗ ಓಣಿಯಲ್ಲಿ ಹೆಣೆಯಲು ಉಳಿದವರು ಅವಳು ಮತ್ತು ಪಕ್ಕದ ಮನೆಯ ಡೈನಾ. ಚೀನಾದಿಂದ ಅಗ್ಗದ ಹೆಣಿಗೆ ಹಡಗಿನಲ್ಲಿ ಬಂತು. ಹುಡುಗಿಯರು ಲೂಟನ್ನಿನ ಟೋಪಿ ಕಾರ್ಖಾನೆ ಸೇರಿದರು. ಕೆಜಾಯಳ ಮಗಳು ಲಾಟಿಯೂ ಹೋದಳು.

ಫೆನ್ಸಮ್ ಲೇಖನಿ ತೆಗೆದವನು ಹಾಗೇ ಹಿಡಿದು ಕೂತ. ಸತ್ತವರನ್ನು ಬರೆಯುವಂತಿಲ್ಲವಲ್ಲ ಎಂದು ತಡವರಿಸಿದ. ಹೆಣದ ಹತ್ತಿರ ಕೂತಿದ್ದ ಡೈನಾ ತಲೆ ಎತ್ತಿದಳು.

"ಮೈ ಆರೋಕೆ ಮುಂಚೆನೇ ಅಳಿಸಿಬಿಟ್ಯಾ? ಸಕ್ಕರೆ ತೂಗುವಾಗ್ಲೂ ಹಿಂಗೇ ಕಣಯ್ಯ, ನಿಂದು ಬಿಗಿ ಕೈ."

ಫೆನ್ಸಮ್‌ನ ಕಿವಿ ಕೆಂಪಾಯಿತು. ಪ್ರಾಣ ಹೋದದ್ದು ಯಾವಾಗ ಎಂದು ಕೆಜಾಯಳನ್ನು ಕೇಳಿದ.

"ಕೋಳಿ ಕೂಗಿದಾಗ. ಅಲ್ಲೀತಂಕ ನನ್ ಕೈ ಹಿಡ್ಕೊಂಡೇ ಇದ್ದ."

ಅವನು ಜೇಬಿನಿಂದ ನಿಯಮದ ಹಾಳೆ ತೆಗೆದು ಬೆರಳಿಟ್ಟು ಓದಿದ. ಮುಖ ಸಡಿಲವಾಯಿತು.

"ಬರೀಲೇಬೇಕು ತಾಯಿ. ಭಾನುವಾರ ನಡುರಾತ್ರೀಲಿ ಉಸಿರಿದ್ದೋರೆಲ್ಲ ಲೆಕ್ಕಕ್ಕೆ ಸೇರ್ತಾರೆ."

ರೂಬನ್ ಓಡೆಲ್, ಮನೆಯ ಯಜಮಾನ, ಹೊಲದ ಕೂಲಿ. ಅದರ ಕೆಳಗೆ ಕೆಜಾಯ. ವಿಧವೆ ಎಂದು ಬರೆಯುತ್ತಾನೆಂದು ಅವಳು ಹಲ್ಲು ಕಚ್ಚಿ ಕಾದಳು. ಅವನು ಹೆಂಡತಿ ಎಂದು ಬರೆದ. ಆ ರಾತ್ರಿಗೆ ಅವಳು ಹೆಂಡತಿಯೇ. ಉದ್ಯೋಗ ಏನು ಬರೆಯಲಿ ಎಂದು ಕೇಳಿದ.

"ಅವನು ಬರೆಸಿದ್ದೇ ಬರೀರಿ. ಹುಲ್ಲು ಹೆಣಿಯೋಳು."

ಬರೆದು ಓದಿ ಹೇಳಿದ. ಇನ್ನೊಂದು ಸಲ ಓದಿಸಿದಳು. ದೊಡ್ಡ ಉಪಕಾರವಾಯಿತು ಎಂದು ಹೇಳಿ, ಮನೆಯಲ್ಲಿದ್ದ ಬ್ರೆಡ್ಡು ಕೊಯ್ದು ಅವನ ಕೈಗಿಟ್ಟಳು. ಆಮೇಲೆ ನೀರು ಕಾಯಿಸಿ, ಡೈನಾಳನ್ನು ಕರೆದುಕೊಂಡು, ಗಂಡನ ಮೈ ತೊಳೆಯಲು ಕೂತಳು.